ಸಾಲ ವಸೂಲಿಗೆ ಬಂದವರು ವಕೀಲರೆಂದಾಗ

ಬೇಸಾಯಕ್ಕೆ, ಮಕ್ಕಳ ಶಾಲಾ ಶುಲ್ಕಕ್ಕೆ, ಆಸ್ಪತ್ರೆಯ ಖರ್ಚಿಗೆ ಸಂಘದ ಸಾಲ ಪಡೆಯದ ಕುಟುಂಬಗಳು ಕೃಷ್ಣರಾಜಪೇಟೆಯ ಸುತ್ತಮುತ್ತ ವಿರಳ. ಕಂತು ತಪ್ಪಿದ ಮನೆಗೆ ಕೆಲವೊಮ್ಮೆ ವಸೂಲಿಗಾರರು ವಕೀಲರ ಸೋಗಿನಲ್ಲಿ ಕರೆ ಮಾಡುತ್ತಾರೆ. ನಾಳೆಯೇ ಜಪ್ತಿ, ನಾಡಿದ್ದು ಬಂಧನ ಎನ್ನುತ್ತಾರೆ. ಕಾನೂನಿನ ಹೆಸರು ಕೇಳಿದೊಡನೆ ಕಂಗೆಡುವ ಬಡವರ ಭಯವೇ ಅವರ ಬಂಡವಾಳ.

1961ರ ವಕೀಲರ ಕಾಯಿದೆಯಂತೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿತನಾದವನೇ ವಕೀಲ. ಅನ್ಯರ ಸೋಗು ಹಾಕಿ ವಂಚಿಸುವುದು ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಮಿನ ಪ್ರಕಾರ ಅಪರಾಧ. ನಿಜವಾದ ವಕೀಲರ ನೋಟೀಸು ಸಹ ನ್ಯಾಯಾಲಯದ ಆಜ್ಞೆಯಲ್ಲ. ಅಡವಿಲ್ಲದ ಸಾಲಕ್ಕೆ ಜಪ್ತಿಯಾಗಬೇಕಾದರೆ ದಾವೆ ಹೂಡಿ ಡಿಕ್ರಿ ಪಡೆಯಬೇಕು. ಆಗಲೂ ಕುಟುಂಬದ ಉಡುಪು, ಹಾಸಿಗೆ, ಅಡುಗೆ ಪಾತ್ರೆ, ರೈತನ ಬೇಸಾಯದ ಉಪಕರಣಗಳನ್ನು ಮುಟ್ಟುವಂತಿಲ್ಲ. ಹಣದ ಡಿಕ್ರಿಗಾಗಿ ಮಹಿಳೆಯನ್ನು ಬಂಧಿಸುವಂತೆಯೂ ಇಲ್ಲ. ಇವೆರಡೂ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮಾತು.

2025ರ ಜನವರಿಯಲ್ಲಿ ಮಂಡ್ಯ ಜಿಲ್ಲೆಯೂ ಸೇರಿದಂತೆ ರಾಜ್ಯದ ಹಲವೆಡೆಯಿಂದ ವಸೂಲಿ ಕಿರುಕುಳದ, ಸಾವುನೋವಿನ ವರದಿಗಳು ಬಂದವು. ಫೆಬ್ರವರಿ 12ರಂದು ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ಬಲವಂತದ ವಸೂಲಿಗೆ 10 ವರ್ಷಗಳವರೆಗಿನ ಸೆರೆವಾಸ, 5 ಲಕ್ಷ ರೂಪಾಯಿವರೆಗಿನ ದಂಡ ವಿಧಿಸಿತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಗಳೂ ನಿಯಮಕ್ಕೆ ಹೊರತಲ್ಲ. ಕಿರುಸಾಲಗಾರರಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿ ಕರೆ ಮಾಡಕೂಡದೆಂದು ಆ ಬ್ಯಾಂಕು 2022ರಲ್ಲಿಯೇ ವಿಧಿಸಿತು.

ಪವಿತ್ರ ಗ್ರಂಥ ಇದಕ್ಕೂ ಎಷ್ಟೋ ಶತಮಾನಗಳ ಮೊದಲೇ ಸಾಲ ಕೊಟ್ಟವನಿಗೆ ಮಿತಿ ಹಾಕಿದೆ. ಅಡವಿಗಾಗಿ ಸಾಲಗಾರನ ಮನೆಯೊಳಗೆ ನುಗ್ಗದೆ ಹೊರಗೆ ನಿಲ್ಲಬೇಕು, ಜೀವನಾಧಾರವಾದ ಬೀಸುವ ಕಲ್ಲನ್ನು ಒತ್ತೆಯಿಡಿಸಿಕೊಳ್ಳಬಾರದು ಎಂಬುದು ಧರ್ಮೋಪದೇಶಕಾಂಡದ 24ನೇ ಅಧ್ಯಾಯದ ಕಟ್ಟಳೆ. ಸಾಲಗಾರನಿಗೂ ಮಾನವುಂಟೆಂಬುದೇ ಅದರ ತಿರುಳು.

ಪಡೆದ ಸಾಲ ತೀರಿಸುವುದು ನಮ್ಮ ಧರ್ಮ. ಅದರಿಂದ ನುಣುಚಿಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಬೆದರಿಕೆಗೆ ಅಂಜಿ ಒಂದು ಸಾಲ ತೀರಿಸಲು ಮತ್ತೊಂದು ಸಾಲ ಮಾಡುವುದು ಬೇಡ. ವಕೀಲನೆಂದು ಹೇಳಿದವನ ಹೆಸರು, ನೋಂದಣಿ ಸಂಖ್ಯೆ ಕೇಳಿ ಬರೆದಿಡೋಣ. ರಸೀದಿಯಿಲ್ಲದೆ ಹಣ ಕೊಡದಿರೋಣ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವುಂಟು. 15100 ಸಂಖ್ಯೆಗೂ ಕರೆ ಮಾಡಬಹುದು.

ಸಾಲದ ಸಂಕೋಚದಿಂದ ಭಾನುವಾರದ ಬಲಿಪೂಜೆಗೂ ಬಾರದೆ ಮನೆಯಲ್ಲೇ ಉಳಿದ ನೆರೆಯವರು ನಮ್ಮ ಧರ್ಮಕೇಂದ್ರದಲ್ಲಿದ್ದರೆ, ಈ ವಾರವೇ ಅವರ ಮನೆಗೆ ಹೋಗಿ ವಿಚಾರಿಸೋಣ.