ಕಾಳಿನ ಚೀಲಕ್ಕೆ ಮಾತ್ರೆ ಇಡ್ತೀರಾ? ಹಾಗಾದರೆ ಇದನ್ನು ಒಮ್ಮೆ ಓದಿ



ಸುಗ್ಗಿ ಮುಗಿದ ಮೇಲೆ ನಮ್ಮ ಬಹುತೇಕ ಮನೆಗಳಲ್ಲಿ ಒಂದೇ ಥರ ನಡೆಯುತ್ತೆ. ಮಾರೋದನ್ನ ಮಾರಿ, ಮನೆ ಖರ್ಚಿಗೆ ಅಂತ ನಾಲ್ಕು ಚೀಲ ಜೋಳ ಇಲ್ಲವೇ ರಾಗಿ, ಒಂದು ಚೀಲ ತೊಗರಿ, ಅರ್ಧ ಚೀಲ ಹೆಸರು ಅಥವಾ ಅಲಸಂದೆ ಉಳಿಸಿಕೊಳ್ಳುತ್ತೇವೆ. ಇಡೋಕೆ ಬೇರೆ ಕೋಣೆ ಇರಲ್ಲ. ನಡುಮನೆಯ ಮೂಲೆಯಲ್ಲೋ ಮಂಚದ ಪಕ್ಕದಲ್ಲೋ ಪೇರಿಸುತ್ತೇವೆ. ಮುಂಗಾರು ಶುರುವಾಗೋ ಹೊತ್ತಿಗೆ ತೊಗರಿಯಲ್ಲಿ ತೂತು, ಜೋಳದ ಚೀಲದ ಕೆಳಗೆ ಹಿಟ್ಟು. ಆಗ ಯಾರಾದರೂ ಒಬ್ಬರು ಹೇಳೇ ಹೇಳ್ತಾರೆ: "ಅಂಗಡಿಯಲ್ಲಿ ಮಾತ್ರೆ ಸಿಗುತ್ತೆ, ಬಟ್ಟೆಯಲ್ಲಿ ಕಟ್ಟಿ ಚೀಲದೊಳಗೆ ಇಟ್ಟುಬಿಡು."

ಆ ಮಾತ್ರೆ ಮನೆಯೊಳಗೆ ಬರಲೇಬಾರದು. ಯಾಕೆ ಬರಬಾರದು, ಅದಿಲ್ಲದೆ ಕಾಳನ್ನು ವರ್ಷಗಟ್ಟಲೆ ಹೇಗೆ ಕಾಪಾಡಬಹುದು ಅನ್ನೋದನ್ನ ಈ ವಾರ ನೋಡೋಣ.

ಮಾತ್ರೆಯಲ್ಲಿ ಇರೋದು ಏನು?

ಅದರ ಹೆಸರು ಅಲ್ಯೂಮಿನಿಯಂ ಫಾಸ್ಫೈಡ್. ಹಳ್ಳಿ ಕಡೆ ಸಲ್ಫಾಸ್, ಗುಳಿಗೆ, ಕಾಳಿನ ಮಾತ್ರೆ ಅಂತೆಲ್ಲ ಕರೀತಾರೆ. ಹುಳ ಕೊಲ್ಲೋದು ಮಾತ್ರೆ ಅಲ್ಲ, ಅದರಿಂದ ಹೊರಡೋ ಗ್ಯಾಸು. ಗಾಳಿಯಲ್ಲಿರೋ ತೇವ ತಾಗಿದ ಕೂಡಲೇ ಮಾತ್ರೆ ಕರಗಲು ಶುರುವಾಗಿ ಫಾಸ್ಫೀನ್ ಅನ್ನೋ ವಿಷಾನಿಲ ಬಿಡುತ್ತೆ. ಒಂದೇ ಸಲಕ್ಕೆ ಹೋಗಿ ಮುಗಿಯಲ್ಲ, ಎರಡು ಮೂರು ದಿನ ಬರ್ತಾನೇ ಇರುತ್ತೆ. ಮಳೆಗಾಲದಲ್ಲಿ ಗಾಳಿಯಲ್ಲಿ ತೇವ ಹೆಚ್ಚು, ಮನೆಯ ಕಿಟಕಿ ಬಾಗಿಲು ಮುಚ್ಚಿರುತ್ತವೆ. ಅಂದರೆ ನಾವು ಮಾತ್ರೆ ಇಡೋ ಕಾಲವೇ ಅತಿ ಹೆಚ್ಚು ಅಪಾಯದ ಕಾಲ.

ಈ ಗ್ಯಾಸು ದೇಹದ ಜೀವಕೋಶಗಳು ಆಮ್ಲಜನಕ ಬಳಸಿಕೊಳ್ಳದಂತೆ ತಡೆಯುತ್ತೆ. ಹುಳಕ್ಕೂ ಅಷ್ಟೇ, ಮನುಷ್ಯರಿಗೂ ಅಷ್ಟೇ. ಹೃದಯ ಮತ್ತು ಶ್ವಾಸಕೋಶಕ್ಕೆ ಮೊದಲ ಪೆಟ್ಟು. ಇದಕ್ಕೆ ಪ್ರತಿವಿಷ ಅನ್ನೋದು ಇಲ್ಲ. ಆಸ್ಪತ್ರೆಯಲ್ಲಿ ಉಸಿರಾಟ, ರಕ್ತದೊತ್ತಡ ಕಾಪಾಡಿಕೊಂಡು ದೇಹ ತಾನೇ ಚೇತರಿಸಿಕೊಳ್ಳೋವರೆಗೆ ನೋಡಿಕೊಳ್ಳಬೇಕು, ಅಷ್ಟೇ.

ಒಂದು ಸಣ್ಣ ಲೆಕ್ಕ

3 ಗ್ರಾಂ ತೂಕದ ಒಂದು ಮಾತ್ರೆ ಸುಮಾರು 1 ಗ್ರಾಂ ಫಾಸ್ಫೀನ್ ಬಿಡುತ್ತೆ. 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಮುಚ್ಚಿದ ಕೋಣೆಯಲ್ಲಿ ಅದಷ್ಟೂ ಹರಡಿತು ಅಂದುಕೊಳ್ಳಿ. ಗಾಳಿಯ 10 ಲಕ್ಷ ಭಾಗಕ್ಕೆ ಸುಮಾರು 25 ಭಾಗ ಫಾಸ್ಫೀನ್ ಆಗುತ್ತೆ. ಅಮೆರಿಕದಲ್ಲಿ ಕೆಲಸಗಾರರಿಗೆ 8 ಗಂಟೆಯ ಪಾಳಿಗೆ ಹಾಕಿರೋ ಮಿತಿ 10 ಲಕ್ಷಕ್ಕೆ 0.3 ಭಾಗ ಮಾತ್ರ. ಅಂದರೆ ಒಂದೇ ಮಾತ್ರೆ ಆ ಮಿತಿಯನ್ನು 80 ಪಟ್ಟು ದಾಟಿಸಬಲ್ಲದು. 50 ಭಾಗ ಮುಟ್ಟಿದರೆ ಅದು ಜೀವಕ್ಕೆ ತಕ್ಷಣದ ಅಪಾಯ ಅಂತಲೇ ಲೆಕ್ಕ. ಅದಕ್ಕೆ ಎರಡು ಮಾತ್ರೆ ಸಾಕು. ನಾವು ಚೀಲಕ್ಕೆ ಎರಡರಂತೆ ನಾಲ್ಕು ಚೀಲಕ್ಕೆ ಇಟ್ಟು, ಅದೇ ಕೋಣೆಯಲ್ಲಿ ಮಕ್ಕಳ ಜೊತೆ ಚಾಪೆ ಹಾಸಿ ಮಲಗ್ತೀವಿ.

"ವಾಸನೆ ಬಂದರೆ ಗೊತ್ತಾಗುತ್ತಲ್ಲ" ಅಂತ ಕೆಲವರು ಹೇಳಬಹುದು. ಅಂಗಡಿ ಮಾತ್ರೆಯ ಗ್ಯಾಸಿಗೆ ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಇರೋದು ನಿಜ. ಆದರೆ ನಿದ್ದೆಯಲ್ಲಿ ಇರೋರಿಗೆ ವಾಸನೆ ಎಲ್ಲಿಂದ ತಿಳಿಯಬೇಕು? ಅದೂ ಅಲ್ಲದೆ ವಾಸನೆ ಇಲ್ಲ ಅಂದರೆ ಗ್ಯಾಸೂ ಇಲ್ಲ ಅಂತ ನಂಬೋ ಹಾಗಿಲ್ಲ.

ಇಷ್ಟಕ್ಕೂ ಹುಳ ಸಾಯುತ್ತಾ?

ದೊಡ್ಡ ಉಗ್ರಾಣಗಳಲ್ಲಿ ಇದೇ ಮಾತ್ರೆ ಬಳಸ್ತಾರೆ, ನಿಜ. ಆದರೆ ಅಲ್ಲಿ ಚೀಲಗಳ ರಾಶಿಯ ಮೇಲೆ ಗ್ಯಾಸು ಹೊರಗೆ ಹೋಗದ ಹೊದಿಕೆ ಹಾಕಿ, ಅಂಚಿಗೆ ಮರಳಿನ ಚೀಲ ಒತ್ತಿ, ಐದರಿಂದ ಏಳು ದಿನ ಯಾರೂ ಒಳಗೆ ಹೋಗದಂತೆ ಬೀಗ ಹಾಕ್ತಾರೆ. ಅಷ್ಟು ದಿನ ಗ್ಯಾಸು ಒಳಗೇ ನಿಂತರೆ ಮಾತ್ರ ಕಾಳಿನ ಒಳಗಿರೋ ಮೊಟ್ಟೆ, ಕೋಶ ಎಲ್ಲ ಸಾಯುತ್ತವೆ. ನಮ್ಮ ದೇಶದ ನಿಯಮದ ಪ್ರಕಾರವೂ ಈ ಮಾತ್ರೆಯನ್ನು ಸರ್ಕಾರಿ ಸಂಸ್ಥೆಗಳು ಮತ್ತು ಲೈಸೆನ್ಸ್ ಇರೋ ಕೀಟ ನಿಯಂತ್ರಕರು ತಜ್ಞರ ಉಸ್ತುವಾರಿಯಲ್ಲೇ ಬಳಸಬೇಕು. ಅಂಗಡಿಯವರು ಬಿಡಿ ಮಾತ್ರೆ ಕಾಗದದಲ್ಲಿ ಸುತ್ತಿ ಕೊಟ್ಟರೂ ತರಬೇಡಿ.

ನಮ್ಮ ಗೋಣಿಚೀಲದಲ್ಲಿ ಗ್ಯಾಸು ನಿಲ್ಲಲ್ಲ, ಸೋರಿ ಕೋಣೆಗೆ ಬರುತ್ತೆ. ಮೇಲೆ ಓಡಾಡೋ ಹುಳ ಸಾಯುತ್ತೆ, ಕಾಳಿನೊಳಗಿನ ಮೊಟ್ಟೆ ಉಳಿಯುತ್ತೆ. ತಿಂಗಳಾದ ಮೇಲೆ ಮತ್ತೆ ಹುಳ. ಹೀಗೆ ಅರೆಬರೆ ಗ್ಯಾಸು ಕುಡಿದು ಬದುಕಿದ ಹುಳದ ಸಂತತಿಗೆ ಈ ವಿಷ ತಡೆದುಕೊಳ್ಳೋ ಶಕ್ತಿಯೂ ಬರುತ್ತೆ.

ಹಾಗಾಗಿ ಈ ಒಂದು ಮಾತು ನೆನಪಿಡಿ: ಗಾಳಿ ಆಡುವ ಚೀಲದಲ್ಲಿ ಮಾತ್ರೆ ಕೆಲಸ ಮಾಡಲ್ಲ. ಗಾಳಿ ಆಡದ ಚೀಲದಲ್ಲಿ ಮಾತ್ರೆ ಬೇಕಾಗಿಯೇ ಇಲ್ಲ.

ಹಗೇವು ಹೇಳಿಕೊಟ್ಟ ಪಾಠ

ಎರಡನೇ ಮಾತು ನಮ್ಮ ಹಿರಿಯರಿಗೆ ಹೊಸದಲ್ಲ. ಉತ್ತರ ಕರ್ನಾಟಕದಲ್ಲಿ ಜೋಳಕ್ಕೆ, ಹಳೇ ಮೈಸೂರು ಕಡೆ ರಾಗಿಗೆ ಹಗೇವು ಇತ್ತು. ನೆಲದೊಳಗೆ ಗುಂಡಿ ತೋಡಿ, ಹುಲ್ಲು ಹಾಸಿ, ಒಣಗಿದ ಕಾಳು ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿಬಿಡೋರು. ಒಳಗಿದ್ದ ಹುಳವೂ ಕಾಳೂ ಉಸಿರಾಡಿ ಆಮ್ಲಜನಕ ಖಾಲಿ ಮಾಡ್ತಿದ್ದವು. ಉಸಿರಿಲ್ಲದೆ ಹುಳ ತಾನೇ ಸಾಯ್ತಿತ್ತು. ಯಾವ ಔಷಧಿಯೂ ಬೇಕಿರಲಿಲ್ಲ.

ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳೀತಿರಲಿಲ್ಲ. ಗಾಳಿ ಆಡಲು ಬಿಟ್ಟು, ಆಮೇಲೆ ದೀಪ ಇಳಿಬಿಟ್ಟು ನೋಡೋರು. ದೀಪ ಆರಿದರೆ ಒಳಗೆ ಉಸಿರಾಡೋ ಗಾಳಿ ಇಲ್ಲ ಅಂತ ಅರ್ಥ. ಅವಸರದಲ್ಲಿ ಇಳಿದು ಸತ್ತವರೂ ಇದ್ದಾರೆ. ಕಾಳು ಕಾಯೋ ಗಾಳಿ ಮನುಷ್ಯನನ್ನೂ ಕೊಲ್ಲಬಹುದು ಅನ್ನೋ ಎಚ್ಚರ ಅವರಿಗಿತ್ತು. ಆದರೆ ಈ ದೀಪದ ಪರೀಕ್ಷೆ ಮಾತ್ರೆಯ ಗ್ಯಾಸಿಗೆ ನಡೆಯಲ್ಲ. ಫಾಸ್ಫೀನ್ ಬೆಂಕಿ ಹತ್ತಿಕೊಳ್ಳೋ ಗ್ಯಾಸು. ದೀಪ, ಬೀಡಿ, ಲೈಟರ್ ಹತ್ತಿರಕ್ಕೂ ಒಯ್ಯಬೇಡಿ.

ಇವತ್ತು ಹಗೇವು ತೋಡೋ ಜಾಗವೂ ಇಲ್ಲ, ಆಳೂ ಇಲ್ಲ. ಆದರೆ ಅದೇ ತತ್ವದ ಚೀಲಗಳು ಬಂದಿವೆ. 1980ರ ದಶಕದ ಕೊನೆಯಲ್ಲಿ ಆಫ್ರಿಕಾದ ಕ್ಯಾಮರೂನ್‌ನಲ್ಲಿ ಅಲಸಂದೆ ಬೆಳೆಗಾರರಿಗಾಗಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮೂರು ಪದರದ ಚೀಲದ ವಿಧಾನ ರೂಪಿಸಿದರು. ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ಮಾಮೂಲಿ ನೇಯ್ದ ಚೀಲ. ಒಂದೊಂದರ ಬಾಯನ್ನೂ ಬೇರೆ ಬೇರೆಯಾಗಿ ಬಿಗಿಯಾಗಿ ಕಟ್ಟಬೇಕು. ಕೆಲವು ವಾರಗಳಲ್ಲಿ ಒಳಗಿನ ಹುಳ ಉಸಿರುಗಟ್ಟಿ ಸಾಯುತ್ತೆ. ಗಾಳಿಯಾಡದ ಶೇಖರಣಾ ಚೀಲ ಅಂತ ಕೇಳಿದರೆ ಆನ್‌ಲೈನಲ್ಲೂ ಸಿಗುತ್ತೆ. ತೂತಾಗದ ಹಾಗೆ ನೋಡಿಕೊಂಡರೆ ಮತ್ತೆ ಬಳಸಬಹುದು. ರಬ್ಬರ್ ರಿಂಗ್ ಇರೋ ಬಿಗಿ ಮುಚ್ಚಳದ ಡ್ರಮ್ ಇದ್ದರೆ ಅದೂ ಆಗುತ್ತೆ. ಆದರೆ ಕಂಠದವರೆಗೆ ತುಂಬಿ, ಪದೇ ಪದೇ ತೆಗೀಬೇಡಿ. ದಿನದ ಬಳಕೆಗೆ ಬೇರೆ ಡಬ್ಬಿ ಇಟ್ಟುಕೊಳ್ಳಿ. ಕೀಟನಾಶಕ ಬಂದಿದ್ದ ಡ್ರಮ್, ಕ್ಯಾನ್ ಎಷ್ಟು ತೊಳೆದರೂ ಕಾಳಿಗೆ ಬೇಡವೇ ಬೇಡ.

ಮೊದಲು ಒಣಗಿಸಿ, ಆಮೇಲೆ ಮಿಕ್ಕಿದ್ದು

ಹಸಿ ಕಾಳನ್ನು ಗಾಳಿಯಾಡದ ಚೀಲಕ್ಕೆ ತುಂಬಿದರೆ ಹುಳದ ಬದಲು ಬೂಷ್ಟು ಬರುತ್ತೆ. ಅದು ಇನ್ನೂ ಕೆಟ್ಟದ್ದು. ಜೋಳ, ರಾಗಿ, ಭತ್ತದಲ್ಲಿ ತೇವಾಂಶ ಶೇ. 12ರ ಒಳಗೆ, ಬೇಳೆಕಾಳಿನಲ್ಲಿ ಶೇ. 9ರಿಂದ 10ಕ್ಕೆ ಬರಬೇಕು. ಮೀಟರ್ ಇಲ್ಲದಿದ್ದರೆ ಹೀಗೆ ಮಾಡಿ:

1. ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ. ಕಟಕ್ ಅಂತ ಒಡೆದರೆ ಒಣಗಿದೆ. ಮೆತ್ತಗೆ ಚಪ್ಪಟೆಯಾದರೆ ಇನ್ನೂ ಹಸಿ.

2. ಒಣಗಿದ ಗಾಜಿನ ಬಾಟಲಿಗೆ ಕಾಲು ಭಾಗ ಕಾಳು ಹಾಕಿ. ಬಾಣಲೆಯಲ್ಲಿ ಹುರಿದು ಆರಿಸಿದ ಎರಡು ಮೂರು ಚಮಚ ಪುಡಿ ಉಪ್ಪು ಸೇರಿಸಿ, ಮುಚ್ಚಳ ಹಾಕಿ ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15ಕ್ಕಿಂತ ಹೆಚ್ಚಿದೆ. ಅಂಟದಿದ್ದರೂ ಅಷ್ಟಕ್ಕೇ ನಿಲ್ಲಿಸಬೇಡಿ, ಕಾಳು ಕಟಕ್ ಅನ್ನೋವರೆಗೆ ಇನ್ನೂ ಬಿಸಿಲು ಕೊಡಿ.

ಬರಿ ನೆಲದ ಮೇಲೆ ಬೇಡ, ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ, ಆಗಾಗ ಕೈಯಾಡಿಸಿ. ಸಂಜೆ ಬಿಸಿ ಬಿಸಿಯಾಗೇ ತುಂಬಬೇಡಿ, ಒಳಗೆ ಬೆವರುತ್ತೆ. ಆರಿದ ಮೇಲೆ ತುಂಬಿ.

ಬೇಳೆಕಾಳಿಗೆ ಹಳೇ ಉಪಾಯಗಳು

ತೊಗರಿ, ಹೆಸರು, ಅಲಸಂದೆಗೆ ಬರೋ ಹುಳ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತೆ. ಅಂದರೆ ಚೀಲ ಎಷ್ಟೇ ಸ್ವಚ್ಛವಾಗಿದ್ದರೂ ಹುಳ ಕಾಳಿನ ಜೊತೆಗೇ ಮನೆಗೆ ಬರುತ್ತೆ. ಅದಕ್ಕೇ ಈ ಕೆಲಸಗಳನ್ನು ಕಣದಿಂದ ಬಂದ ಕೂಡಲೇ ಮಾಡಬೇಕು:

• ತಿನ್ನೋ ತೊಗರಿಯನ್ನು ಬೇಗ ಬೇಳೆ ಮಾಡಿಸಿಡಿ. ಈ ಹುಳಕ್ಕೆ ಇಡೀ ಕಾಳು ಬೇಕು, ಬೇಳೆಗೆ ಬೀಳೋದು ತುಂಬಾ ಕಡಿಮೆ.

• ಕಿಲೋಗೆ 5 ಮಿಲಿ ಲೆಕ್ಕದಲ್ಲಿ ಅಡುಗೆ ಎಣ್ಣೆ ಸವರಿಡಿ. ಎಣ್ಣೆ ಸವರಿದ ಕಾಳಿನ ಮೇಲೆ ಮೊಟ್ಟೆ ನಿಲ್ಲಲ್ಲ.

• ತೊಗರಿ, ಅವರೆಗೆ ಕೆಮ್ಮಣ್ಣು ಕಟ್ಟಿ ಒಣಗಿಸಿಡೋದು ಇವತ್ತಿಗೂ ಒಳ್ಳೇ ಪದ್ಧತಿ.

• ಪಾತ್ರೆಯಲ್ಲಿರೋ ಕಾಳಿನ ಮೇಲೆ ಎರಡು ಮೂರು ಬೆರಳು ದಪ್ಪ ಒಣ ಮರಳು ಹಾಕಿದರೆ ಮೇಲಿಂದ ಹುಳ ಇಳಿಯಲ್ಲ.

ಈಗಾಗಲೇ ಹುಳ ಬಿದ್ದಿದೆಯಾ? ಬೇಸಿಗೆಯ ಮಟಮಟ ಮಧ್ಯಾಹ್ನ ಕಪ್ಪು ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಎರಡು ಮೂರು ಗಂಟೆ ಬಿಡಿ. ಒಳಗಿನ ಕಾವಿಗೆ ಮೊಟ್ಟೆ ಸಮೇತ ಸಾಯುತ್ತೆ. ಆಮೇಲೆ ಕೇರಿ, ಆರಿಸಿ, ತುಂಬಿ. ರವೆ, ಬೇಳೆಯಂಥ ಸ್ವಲ್ಪ ಪದಾರ್ಥ ಆದರೆ ಫ್ರಿಜ್ಜಿನ ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಸಾಕು.

ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿ. ಹಳೇ ಕಾಳಿಗೆ ಹೊಸ ಕಾಳು ಬೆರೆಸಬೇಡಿ. ಹಳೇ ಗೋಣಿಚೀಲವನ್ನು ಕುದಿಯೋ ನೀರಿನಲ್ಲಿ ಅದ್ದಿ ಬಿಸಿಲಿಗೆ ಒಣಗಿಸಿ ಬಳಸಿ. ಅಕ್ಕಿಗೆ ಬೋರಿಕ್ ಪುಡಿ ಬೆರೆಸೋದು, ಚೀಲದ ಸುತ್ತ ಇರುವೆ ಪುಡಿ ಉದುರಿಸೋದು ಎರಡೂ ಬಿಡಿ. ತೊಳೆದರೆ ಹೋಗುತ್ತೆ ಅನ್ನೋ ನಂಬಿಕೆಯ ಮೇಲೆ ಮಕ್ಕಳ ಅನ್ನ ಬೇಯಿಸೋದು ಬೇಡ.

ಮನೆಯಲ್ಲಿ ಈಗಾಗಲೇ ಮಾತ್ರೆ ಇಟ್ಟಿದ್ದರೆ

ಎಲ್ಲರೂ ಹೊರಗೆ ಬನ್ನಿ. ಆ ಮನೆಯಲ್ಲಿ ರಾತ್ರಿ ಮಲಗಬೇಡಿ. ಹೊರಗಿನಿಂದ ತೆಗೆಯೋಕಾಗೋ ಕಿಟಕಿ ಬಾಗಿಲು ತೆಗೆಯಿರಿ. ಮಾತ್ರೆ ಹುಡುಕಲು ಚೀಲಕ್ಕೆ ಕೈ ಹಾಕಬೇಡಿ, ನೀರು ಹಾಕಬೇಡಿ, ಸುಡಬೇಡಿ. 112ಕ್ಕೆ ಕರೆ ಮಾಡಿ ಅಗ್ನಿಶಾಮಕದವರ ಸಹಾಯ ಕೇಳಿ. ಉಳಿದ ಬೂದಿಯಂಥ ಪುಡಿ ಸೇರಿದ ಕಾಳನ್ನು ಗಿರಣಿಗೂ ಒಯ್ಯಬೇಡಿ, ದನ, ಕೋಳಿಗೂ ಹಾಕಬೇಡಿ. ಒಡೆಯದ ಡಬ್ಬಿ ಇದ್ದರೆ ತೆಗೆಯದೆ, ಮಕ್ಕಳಿಗೆ ಸಿಗದ ಹಾಗೆ ಮನೆಯ ಹೊರಗೆ ಒಣ ಜಾಗದಲ್ಲಿ ಇಟ್ಟು, ತಂದ ಅಂಗಡಿಗೇ ವಾಪಸ್ ಕೊಡಿ.

ಲಕ್ಷಣಗಳು ಹೀಗಿರುತ್ತವೆ: ವಾಂತಿ, ಹೊಟ್ಟೆನೋವು, ತಲೆನೋವು, ಎದೆ ಬಿಗಿತ, ಉಸಿರಾಟದ ತೊಂದರೆ, ಸುಸ್ತು. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ವಾಂತಿ ಶುರುವಾದರೆ "ರಾತ್ರಿ ಊಟ ಕೆಟ್ಟಿತ್ತು" ಅಂತ ಮತ್ತೆ ಅದೇ ಕೋಣೆಯಲ್ಲಿ ಮಲಗಿಸಿಬಿಡ್ತೀವಿ. ಜೀವ ಹೋಗೋದು ಅಲ್ಲೇ. ಕೋಣೆಯಲ್ಲಿ ಮಾತ್ರೆ ಇದೆ ಅಂದರೆ ಮೊದಲು ಬಯಲಿಗೆ ಕರೆತನ್ನಿ, 108ಕ್ಕೆ ಕರೆ ಮಾಡಿ, ಡಾಕ್ಟರಿಗೆ ಮಾತ್ರೆಯ ವಿಷಯ ಬಾಯಿಬಿಟ್ಟು ಹೇಳಿ. ಡಬ್ಬಿಯ ಫೋಟೋ ಮೊಬೈಲಿನಲ್ಲಿ ಇದ್ದರೆ ತೋರಿಸಿ. ಯಾರಾದರೂ ಮಾತ್ರೆ ನುಂಗಿದ್ದರೆ ನೀರು ಕುಡಿಸಬೇಡಿ, ಉಪ್ಪುನೀರು ಕೊಟ್ಟು ವಾಂತಿ ಮಾಡಿಸಬೇಡಿ. ನೀರು ಸೇರಿದರೆ ಹೊಟ್ಟೆಯೊಳಗೇ ಗ್ಯಾಸು ಹೆಚ್ಚುತ್ತೆ. ಒಂದು ನಿಮಿಷವೂ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ಒಂದು ಚೀಲ ತೊಗರಿ ಹುಳ ಹಿಡಿದು ಹೋದರೆ ಕೆಲವು ಸಾವಿರ ರೂಪಾಯಿ ನಷ್ಟ. ಅದನ್ನು ಮುಂದಿನ ಬೆಳೆಯಲ್ಲಿ ದುಡಿದುಕೊಳ್ಳಬಹುದು. ಕಾಳು ಇಡೋ ವಿಷಯದಲ್ಲಿ ಏನೇ ಅನುಮಾನ ಇದ್ದರೂ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಇಲ್ಲವೇ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಕಾಳಿನ ಚೀಲದ ಜವಾಬ್ದಾರಿ ಹೆಚ್ಚಾಗಿ ಅಮ್ಮನದೋ ಅಜ್ಜಿಯದೋ ಆಗಿರುತ್ತೆ, ಅವರ ಕೈಯಲ್ಲಿ ಫೋನ್ ಇರಲ್ಲ. ಅದಕ್ಕೇ ಇದನ್ನು ಓದಿ ಮುಗಿಸಿ ಸುಮ್ಮನಾಗಬೇಡಿ. ಇವತ್ತು ಸಂಜೆ ಅವರ ಪಕ್ಕ ಕೂತು ಓದಿ ಹೇಳಿ, ಆಮೇಲೆ ಊರಿನ ವಾಟ್ಸಾಪ್ ಗ್ರೂಪಿಗೂ ಹಾಕಿ. ಮುಂದಿನ ವಾರ ಮತ್ತೆ ಸಿಗೋಣ.