ಟರ್ಬೊಚಾರ್ಜರ್: ದೊಡ್ಡ ಚಕ್ರಕ್ಕೆ ಕವಚ ಕೊರೆಯುವ ಕೆಲಸ

ಹೊರೆ ತುಂಬಿದ ಲಾರಿ ಘಾಟಿ ಏರುವಾಗ ಎಂಜಿನ್ನಿನ ಗುಡುಗಿನೊಡನೆ ತೆಳುವಾದ ಸಿಳ್ಳೆಯಂಥ ಸದ್ದು ಕೇಳಿಬರುವುದನ್ನು ನೀವು ಗಮನಿಸಿರಬಹುದು. ಅದು ಟರ್ಬೊಚಾರ್ಜರಿನ ಸದ್ದು. ಅಂಗೈಯಲ್ಲಿ ಹಿಡಿಯಬಹುದಾದ ಚಕ್ರವೊಂದು ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತಿರುತ್ತದೆ. ಈ ಚಕ್ರದ ಬದಲು ಸ್ವಲ್ಪ ದೊಡ್ಡದನ್ನು ಕೂರಿಸಿದರೆ ಹೆಚ್ಚು ಗಾಳಿ ಸಿಗುವುದಿಲ್ಲವೆ? ಸಿಗುತ್ತದೆ. ಆದರೆ ಅದಕ್ಕೆ ಚಕ್ರವನ್ನು ಸುತ್ತುವರಿದ ಕವಚದ ಒಳಮೈಯನ್ನು ಲೇತಿನಲ್ಲಿ ಕೊರೆಯಬೇಕು. ಆ ಕೆಲಸದ ಹಿಂದಿರುವ ವಿಜ್ಞಾನವನ್ನು ಇಲ್ಲಿ ನೋಡೋಣ.

ಗಾಳಿಗೂ ಶಕ್ತಿಗೂ ಇರುವ ನಂಟು

ಎಂಜಿನ್ನಿನಲ್ಲಿ ಎಷ್ಟು ಇಂಧನ ಉರಿಸಬಹುದು ಎಂಬುದು ಒಳಗೆ ಬರುವ ಆಮ್ಲಜನಕವನ್ನು ಅವಲಂಬಿಸಿದೆ. ಹೊರಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರವನ್ನು (ಟರ್ಬೈನ್) ತಿರುಗಿಸಿ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ (ಸಂಕೋಚಕ) ಗಾಳಿಯನ್ನು ಒತ್ತಿ ಕಳುಹಿಸುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಕೋರಿದರು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಲಿಬರ್ಟಿ ವಿಮಾನ ಎಂಜಿನ್ನೊಂದನ್ನು ಸುಮಾರು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಒಯ್ದು ಪರೀಕ್ಷಿಸಿದರು. ಕೆಳಗೆ ಸುಮಾರು 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್, ಗಾಳಿ ತೆಳುವಾದ ಶಿಖರದಲ್ಲಿ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದಾಗ 356 ಕೊಟ್ಟಿತು. ಗಾಳಿಯ ಮಹತ್ವಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಎಷ್ಟು ದೊಡ್ಡ ಚಕ್ರ?

ಸಂಕೋಚಕ ಚಕ್ರಕ್ಕೆ ಎರಡು ವ್ಯಾಸಗಳಿವೆ. ಗಾಳಿ ಒಳಸೇರುವ ಮುಂಬದಿಯ ವ್ಯಾಸ ಚಿಕ್ಕದು. ಗಾಳಿ ಹೊರಚಿಮ್ಮುವ ಹಿಂಬದಿಯ ವ್ಯಾಸ ದೊಡ್ಡದು. ಚಿಕ್ಕದನ್ನು ದೊಡ್ಡದರಿಂದ ಭಾಗಿಸಿ, ವರ್ಗ ಮಾಡಿ, 100ರಿಂದ ಗುಣಿಸಿದರೆ ಬರುವ ಸಂಖ್ಯೆಗೆ 'ಟ್ರಿಮ್' ಎನ್ನುತ್ತಾರೆ. ಮುಂದೆ 45 ಮಿ.ಮೀ., ಹಿಂದೆ 60 ಮಿ.ಮೀ. ಇರುವ ಚಕ್ರದ ಟ್ರಿಮ್ ಸುಮಾರು 56. ಹಿಂಬದಿಯನ್ನು ಹಾಗೆಯೇ ಉಳಿಸಿ ಮುಂಬದಿ 48 ಮಿ.ಮೀ. ಇರುವ ಚಕ್ರ ಆರಿಸಿದರೆ ಟ್ರಿಮ್ 64 ಆಗುತ್ತದೆ. ಬಾಯಿಯ ವಿಸ್ತೀರ್ಣ ಸುಮಾರು ಶೇ. 14ರಷ್ಟು ಹೆಚ್ಚುತ್ತದೆ. ಕವಚದಲ್ಲಿ ತೆಗೆಯಬೇಕಾದ ಲೋಹ ಮಾತ್ರ ಬದಿಗೆ ಒಂದೂವರೆ ಮಿಲಿಮೀಟರ್!

ಹಿಂಬದಿಯ ವ್ಯಾಸವನ್ನೂ ಹೆಚ್ಚಿಸಿದರೆ ತೊಡಕು ಹೆಚ್ಚು. ಚಕ್ರದಿಂದ ವೇಗವಾಗಿ ಚಿಮ್ಮಿದ ಗಾಳಿ ಅದರ ಸುತ್ತಲಿನ ಕಿರಿದಾದ ಉಂಗುರದಂಥ ಜಾಗದಲ್ಲಿ ಹಾಯುವಾಗ ವೇಗ ತಗ್ಗಿ ಒತ್ತಡ ಏರುತ್ತದೆ. ಚಕ್ರ ಅಗಲವಾದಷ್ಟೂ ಈ ಉಂಗುರ ಕಿರಿದಾಗಿ ಒತ್ತಡದ ಲಾಭ ಕುಗ್ಗುತ್ತದೆ. ಹಿಂದಿನ ತಟ್ಟೆಯನ್ನೂ ಕೊರೆಯಬೇಕಾಗುತ್ತದೆ.

ಕೂದಲೆಳೆಯ ಲೆಕ್ಕಾಚಾರ

ಇಂಥ ಚಕ್ರದ ಅಲಗುಗಳಿಗೆ ಮೇಲು ಮುಚ್ಚಳವಿಲ್ಲ. ಕವಚದ ಒಳಮೈಯೇ ಮುಚ್ಚಳ. ಅಲಗಿಗೂ ಗೋಡೆಗೂ ನಡುವಿನ ಅಂತರ ಹೆಚ್ಚಾದರೆ ಒತ್ತಿದ ಗಾಳಿ ಅಲಗಿನ ತುದಿಯ ಮೇಲಿಂದ ಹಿಂದಕ್ಕೆ ಸೋರುತ್ತದೆ. ಆಗ ದೊಡ್ಡ ಚಕ್ರ ಹಾಕಿದ ಲಾಭವೇ ಹೋಯಿತು. ಅಂತರ ಕಡಿಮೆಯಾದರೆ ಅಲಗು ಗೋಡೆಗೆ ತಾಗುತ್ತದೆ. ದಂಡವು ಎಣ್ಣೆಯ ಪದರದ ಮೇಲೆ ತೇಲುತ್ತ ತಿರುಗುವುದರಿಂದ ಅದಕ್ಕೆ ತುಸು ಅಲುಗಾಟ ಇದ್ದೇ ಇರುತ್ತದೆ. ಆದ್ದರಿಂದ ಮಿಲಿಮೀಟರಿನ ಹತ್ತನೆಯ ಕೆಲವು ಭಾಗಗಳಷ್ಟು ಅಂತರವನ್ನು, ಇಡೀ ಬಾಗಿನ ಉದ್ದಕ್ಕೂ ಸಮನಾಗಿ, ಬಿಡಬೇಕು.

ಲೇತಿನ ಮೇಲೆ

ಸಂಕೋಚಕದ ಕವಚ ಸಾಮಾನ್ಯವಾಗಿ ಅಲ್ಯೂಮಿನಿಯಮ್ ಎರಕ. ಆಕಾರ ಬಸವನಹುಳುವಿನ ಚಿಪ್ಪಿನಂಥದು. ಅದರ ಹೊರಮೈಯನ್ನು ಚಕ್ಕಿಗೆ ಕಚ್ಚಿಸಿ ಕೊರೆಯಹೊರಟರೆ ಕೆಲಸ ಕೆಟ್ಟಂತೆಯೇ. ಏಕೆಂದರೆ ಎರಕದ ಹೊರಮೈಗೂ ದಂಡದ ಅಕ್ಷಕ್ಕೂ ಖಚಿತ ಸಂಬಂಧವಿಲ್ಲ. ಕವಚವು ನಡುಭಾಗದ ಮೇಲೆ ಕೂರುವ ದುಂಡನೆಯ ಮೆಟ್ಟಿಲೊಂದಿರುತ್ತದೆ. ಅದೇ ನಿಮ್ಮ ಆಧಾರ. ಆ ಮೆಟ್ಟಿಲಿಗೆ ಸರಿಹೊಂದುವ ತಟ್ಟೆಯನ್ನು ಫೇಸ್‌ಪ್ಲೇಟಿಗೆ ಬಿಗಿದು, ಡಯಲ್ ಗೇಜ್ ಹಿಡಿದು ಅದರ ಓಟವನ್ನು ಮಿಲಿಮೀಟರಿನ ನೂರನೆಯ ಒಂದೆರಡು ಭಾಗಕ್ಕೆ ತರಬೇಕು. ನಂತರ ಅದರ ಮೇಲೆ ಕವಚವನ್ನು ಕೂರಿಸಿ ಬಿಗಿಯಬೇಕು. ಕವಚದ ತೂಕ ಒಂದೇ ಬದಿಗೆ ಹೆಚ್ಚಿರುವುದರಿಂದ ಎದುರುಬದಿಗೆ ತೂಕ ಕಟ್ಟಿ, ಲೇತನ್ನು ನಿಧಾನವಾಗಿ ಓಡಿಸುವುದು ಕ್ಷೇಮ.

ಕೊರೆಯುವ ಮುನ್ನ ಗೋಡೆಯ ದಪ್ಪವನ್ನು ಹಲವು ಕಡೆ ಅಳೆಯಿರಿ. ಗಾಳಿಯ ಬಾಯಿಗೂ ಸುರುಳಿಗೂ ನಡುವಿನ ಗೋಡೆ ಕೆಲವು ಎರಕಗಳಲ್ಲಿ ತೀರ ತೆಳು. ಒಳಗೆ ಗುಳ್ಳೆಗಳೂ ಅಡಗಿರಬಹುದು. ಮೊದಲು ಬಾಯಿಯ ನೇರ ಭಾಗವನ್ನು ಕೊರೆದು, ಬಳಿಕ ಹೊಸ ಚಕ್ರದ ಅಂಚಿನ ಬಾಗಿಗೆ ತಕ್ಕಂತೆ ಮಾಡಿದ ತಗಡಿನ ಅಚ್ಚನ್ನು ಹಿಡಿದು ನೋಡುತ್ತ ಬಾಗನ್ನು ತೆಗೆಯಬೇಕು. ಗಣಕ ನಿಯಂತ್ರಿತ ಲೇತ್ ಇದ್ದರೆ ಅಳತೆಗಳನ್ನು ನೇರವಾಗಿ ಊಡಿಸಬಹುದು. ಆಳವನ್ನು ಯಾವಾಗಲೂ ಕವಚ ಕೂರುವ ಮುಖದಿಂದಲೇ ಅಳೆಯಬೇಕು. ಉಳಿ ಚೂಪಾಗಿರಲಿ; ಸ್ವಲ್ಪ ಸೀಮೆಎಣ್ಣೆ ಹಾಕಿದರೆ ಅಲ್ಯೂಮಿನಿಯಮ್ ಉಳಿಗೆ ಅಂಟುವುದಿಲ್ಲ.

ಮುಗಿದ ಮೇಲೆ ಸಿಪ್ಪೆಯ ಒಂದು ಚೂರೂ ಉಳಿಯದಂತೆ ತೊಳೆಯಿರಿ. ನಾಲ್ಕಾರು ಅಲಗುಗಳ ಅಂಚಿಗೆ ಮೆತ್ತನೆಯ ಜೇಡಿಯ ತೆಳು ಪಟ್ಟಿ ಅಂಟಿಸಿ, ಕವಚ ಕೂರಿಸಿ, ಚಕ್ರ ತಿರುಗಿಸದೆ ಮತ್ತೆ ಬಿಚ್ಚಿ. ಜೇಡಿಯಲ್ಲಿ ಉಳಿದ ದಪ್ಪವೇ ನಿಜವಾದ ಅಂತರ. ಕೊನೆಗೆ ಜೇಡಿಯನ್ನು ಪೂರ್ತಿ ತೆಗೆದು, ಕವಚ ಬಿಗಿದು, ದಂಡವನ್ನು ಎಲ್ಲ ದಿಕ್ಕಿಗೂ ಒತ್ತಿ ತಿರುಗಿಸಿದಾಗ ಎಲ್ಲಿಯೂ ತಾಗಬಾರದು.

ಟರ್ಬೈನಿನ ಬದಿಯಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ. ಅಲ್ಲಿನ ಕವಚ ಎರಕದ ಕಬ್ಬಿಣ. 50 ಮಿ.ಮೀ. ರಂಧ್ರವು 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 0.4 ಮಿ.ಮೀ. ಹಿಗ್ಗುತ್ತದೆ. ಆದರೆ ತೆಳು ಅಲಗಿನ ಚಕ್ರ ದಪ್ಪ ಕವಚಕ್ಕಿಂತ ಬೇಗ ಬಿಸಿಯಾಗಿ ಮೊದಲೇ ಹಿಗ್ಗುತ್ತದೆ. ತಣ್ಣಗಿದ್ದಾಗ ಸರಿಯಾಗಿದ್ದ ಅಂತರ ಆಗ ಸಾಲದೆ ಹೋಗಬಹುದು.

ಒಂದು ಗ್ರಾಮಿನ ತೂಕ

ಈ ಕೆಲಸದಲ್ಲಿ ಅಜಾಗರೂಕತೆ ಏಕೆ ಸಲ್ಲದು ಎಂಬುದಕ್ಕೆ ಒಂದು ಲೆಕ್ಕ ನೋಡಿ. 60 ಮಿ.ಮೀ. ಚಕ್ರ ನಿಮಿಷಕ್ಕೆ 1,50,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 470 ಮೀಟರ್. ಇದು ಶಬ್ದದ ವೇಗಕ್ಕಿಂತ ಹೆಚ್ಚು. ಆ ಅಂಚಿನಲ್ಲಿರುವ ಒಂದು ಗ್ರಾಮ್ ಲೋಹವನ್ನು ಹೊರಕ್ಕೆಳೆಯುವ ಕೇಂದ್ರಾಪಗಾಮಿ ಬಲ ಸುಮಾರು 7,400 ನ್ಯೂಟನ್, ಎಂದರೆ ಮುಕ್ಕಾಲು ಟನ್ ತೂಕಕ್ಕೆ ಸಮ! ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ಅಸಮತೋಲವಿದ್ದರೂ ದಂಡದ ಮೇಲೆ ಆಳೊಬ್ಬನ ತೂಕದಷ್ಟು ಎಳೆತ ಬೀಳುತ್ತದೆ. ಹೊಸ ಚಕ್ರ ಕೂರಿಸಿದ ದಂಡವನ್ನು ಸಮತೋಲನ ಯಂತ್ರದಲ್ಲಿ ಪರೀಕ್ಷಿಸದೆ ಓಡಿಸಲೇಬಾರದು.

ಹಿಂಬದಿಯ ವ್ಯಾಸ ಶೇ. 10ರಷ್ಟು ಹೆಚ್ಚಿ ಸುತ್ತುಗಳು ಅಷ್ಟೇ ಇದ್ದರೆ ಚಕ್ರದೊಳಗಿನ ಬಿಗುವು ಶೇ. 21ರಷ್ಟು ಏರುತ್ತದೆ. ಅದೇ ಆಕಾರದ ಚಕ್ರವಾದರೆ ತಿರುಗಲು ಒಡ್ಡುವ ಜಡತ್ವ ಶೇ. 61ರಷ್ಟು ಹೆಚ್ಚುತ್ತದೆ, ಚಾಲಕ ವೇಗವರ್ಧಕವನ್ನು ಒತ್ತಿದ ಮೇಲೆ ಟರ್ಬೊ ಎಚ್ಚರಗೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ. ಎಂಜಿನ್ ಬಳಸುವುದಕ್ಕಿಂತ ಚಕ್ರ ತೀರ ದೊಡ್ಡದಾದರೆ ಒತ್ತಿದ ಗಾಳಿ ಹಿಂದಕ್ಕೆ ನುಗ್ಗಿ ಬಡಿಯತೊಡಗುತ್ತದೆ. ಚಕ್ರ ಒಡೆದರೆ ಚೂರುಗಳನ್ನು ತಡೆಯಬೇಕಾದದ್ದೂ ಈ ಕವಚವೇ. ಕೊರೆದು ತೆಳುಮಾಡಿದಷ್ಟೂ ಆ ರಕ್ಷಣೆ ಕಡಿಮೆಯಾಗುತ್ತದೆ.

ರಸ್ತೆಯ ವಾಹನವಾದರೆ ಕಾನೂನೂ ಇದೆ. ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. ಹೊಗೆಯ ಮಿತಿಯನ್ನೂ ಪಾಲಿಸಬೇಕು. ಆದ್ದರಿಂದ ಕವಚವನ್ನು ಲೇತಿಗೆ ಕಟ್ಟುವ ಮೊದಲು ಎಂಜಿನ್ನಿಗೆ ನಿಜವಾಗಿ ಎಷ್ಟು ಗಾಳಿ ಬೇಕು, ಅದಕ್ಕೆ ತಕ್ಕ ಇಂಧನ ಒದಗುತ್ತದೆಯೆ, ಗೋಡೆಯಲ್ಲಿ ಎಷ್ಟು ಲೋಹ ಉಳಿಯುತ್ತದೆ ಎಂಬ ಮೂರು ಲೆಕ್ಕಗಳನ್ನು ಕಾಗದದ ಮೇಲೆ ಮಾಡಿಕೊಳ್ಳಿ. ಒಂದರಲ್ಲಿ ಉತ್ತರ ಸರಿಬಾರದಿದ್ದರೂ ಹಳೆಯ ಚಕ್ರವನ್ನೇ ಉಳಿಸಿಕೊಳ್ಳುವುದು ಒಳ್ಳೆಯದು.