ಮಾಂಟ್ರಿಯಲ್‌ಗೆ ಹೊರಟಿದ್ದೀರಾ? ಮಕ್ಕಳ ಶಾಲೆಯ ಭಾಷೆ ಹೀಗೆ ತೀರ್ಮಾನವಾಗುತ್ತದೆ

ಕಂಪನಿಯವರು ಮಾಂಟ್ರಿಯಲ್‌ಗೆ ಕಳಿಸುತ್ತಾರೆ ಎಂದು ಗೊತ್ತಾದ ದಿನ ಮನೆಯಲ್ಲಿ ಮೊದಲು ಮಾತಾಗುವುದು ಚಳಿಯ ಬಗ್ಗೆ. ಜಾಕೆಟ್ ಎಷ್ಟು ದಪ್ಪ ಇರಬೇಕು, ಹಿಮದ ಬೂಟು ಇಲ್ಲಿಂದಲೇ ಒಯ್ಯಬೇಕಾ ಎಂಬ ವಿಚಾರಣೆಯೆಲ್ಲ ಮುಗಿದ ಮೇಲೆ ಅತ್ತೆಯೋ ಅಕ್ಕನೋ ಕೇಳುತ್ತಾರೆ: ‘ಅಲ್ಲಿ ಎಲ್ಲಾ ಫ್ರೆಂಚ್ ಅಂತಲ್ಲ, ಮಗೂನ ಯಾವ ಸ್ಕೂಲಿಗೆ ಹಾಕ್ತೀರ?’ ಜಾಕೆಟ್ ಅಲ್ಲೇ ಸಿಗುತ್ತದೆ, ಇಲ್ಲಿಗಿಂತ ಒಳ್ಳೆಯದೇ ಸಿಗುತ್ತದೆ. ಶಾಲೆಯ ಪ್ರಶ್ನೆಯನ್ನು ಮಾತ್ರ ವಿಮಾನ ಹತ್ತುವ ಮೊದಲೇ ಬಗೆಹರಿಸಿಕೊಳ್ಳಿ. ಏಕೆಂದರೆ ಅಲ್ಲಿ ಶಾಲೆಯ ಭಾಷೆಯನ್ನು ಬಹುಪಾಲು ಗೊತ್ತುಮಾಡುವುದು ತಂದೆತಾಯಿಯಲ್ಲ, ಕಾನೂನು.

ಮಾಂಟ್ರಿಯಲ್ ಇರುವುದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ. ಅದರ ಅಧಿಕೃತ ಭಾಷೆ ಫ್ರೆಂಚ್ ಒಂದೇ. ವಲಸೆ ಬಂದವರು ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೇ ಸೇರಿಸುತ್ತಾ ಹೋದರೆ ಫ್ರೆಂಚ್ ಆಡುವವರು ಕರಗುತ್ತಾರೆ ಎಂಬ ಭಯ ಅಲ್ಲಿ ಹಳೆಯದು. ಆ ಭಯದಿಂದಲೇ 1977ರಲ್ಲಿ ಫ್ರೆಂಚ್ ಭಾಷಾ ಸನ್ನದು ಬಂತು. ಜನ ಅದನ್ನು ಇವತ್ತಿಗೂ ‘ಬಿಲ್ 101’ ಎನ್ನುತ್ತಾರೆ. ಶಿಶುವಿಹಾರದಿಂದ ಹೈಸ್ಕೂಲು ಮುಗಿಯುವವರೆಗೆ ಪಾಠ ಫ್ರೆಂಚ್‌ನಲ್ಲೇ ಆಗಬೇಕು ಎಂಬುದು ಅದರ ಮೂಲ ನಿಯಮ. 2022ರ ‘ಬಿಲ್ 96’ ಇದನ್ನು ಇನ್ನಷ್ಟು ಬಿಗಿ ಮಾಡಿತು.

ಕನ್ನಡಿಗರಿಗೆ ಈ ಕಥೆ ತೀರಾ ಹೊಸದಲ್ಲ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವೇ ಇರಬೇಕೆಂದು ನಮ್ಮ ಸರ್ಕಾರ 1994ರಲ್ಲಿ ಆದೇಶ ಮಾಡಿತ್ತು. ಮಾಧ್ಯಮದ ಆಯ್ಕೆ ಪೋಷಕರದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದ ಮೇಲೆ ಆ ಪ್ರಯತ್ನ ನಿಂತಿತು. ನಾವು ಮಾಡಲಾಗದೆ ಬಿಟ್ಟದ್ದನ್ನು ಕ್ವಿಬೆಕ್ ಮಾಡಿ ತೋರಿಸಿದೆ. ಬೆಂಗಳೂರಿನಲ್ಲಿ ‘ಕನ್ನಡ ಕಲೀರಿ’ ಎಂದು ಹೊರಗಿನವರಿಗೆ ಹೇಳುವ ನಾವು ಅಲ್ಲಿಗೆ ಹೋಗಿ ಫ್ರೆಂಚ್ ಕಡ್ಡಾಯವೆಂದು ಗೊಣಗಿದರೆ ಅಷ್ಟು ಚೆನ್ನಾಗಿರುವುದಿಲ್ಲ. ಇರಲಿ, ವಿಷಯಕ್ಕೆ ಬರೋಣ.

‘ನಾವಿಬ್ಬರೂ ಓದಿದ್ದು ಇಂಗ್ಲಿಷ್ ಮೀಡಿಯಂ, ಮಗುವೂ ಅಷ್ಟೆ. ಹಾಗಾದರೆ ನಮಗೆ ಇಂಗ್ಲಿಷ್ ಶಾಲೆ ಸಿಗಬೇಕಲ್ಲ?’ ಎಲ್ಲರೂ ಕೇಳುವ ಪ್ರಶ್ನೆ ಇದು. ಸಿಗುವುದಿಲ್ಲ. ಇಂಗ್ಲಿಷ್‌ನಲ್ಲಿ ಓದಿದ್ದು ಕೆನಡಾದೊಳಗೆ ಆಗಿರಬೇಕು. ಮೈಸೂರಿನ ಕಾನ್ವೆಂಟಿನ ಇಂಗ್ಲಿಷ್ ಎಷ್ಟೇ ಒಳ್ಳೆಯದಿದ್ದರೂ ಅಲ್ಲಿ ಲೆಕ್ಕಕ್ಕಿಲ್ಲ. ಸರ್ಕಾರಿ ಇಂಗ್ಲಿಷ್ ಶಾಲೆಗೆ ಸೇರಿಸಲು ‘ಅರ್ಹತಾ ಪತ್ರ’ ಬೇಕು. ತಂದೆ ಅಥವಾ ತಾಯಿ ಕೆನಡಾದ ಪ್ರಜೆಯಾಗಿದ್ದು, ಅವರ ಪ್ರಾಥಮಿಕ ಶಿಕ್ಷಣದ ದೊಡ್ಡ ಪಾಲು ಕೆನಡಾದಲ್ಲಿ ಇಂಗ್ಲಿಷ್‌ನಲ್ಲಿ ಆಗಿದ್ದರೆ ಅದು ಸಿಗುತ್ತದೆ. ತಂದೆ ಅಥವಾ ತಾಯಿ ಪ್ರಜೆಯಾಗಿದ್ದು, ಮಗುವೋ ಅದರ ಒಡಹುಟ್ಟಿದವರೋ ಕೆನಡಾದಲ್ಲಿ ಹೆಚ್ಚಿನ ಓದನ್ನು ಇಂಗ್ಲಿಷ್‌ನಲ್ಲಿ ಓದಿದ್ದರೂ ಸಿಗುತ್ತದೆ.

ಈ ಎರಡನೆಯ ದಾರಿ ಟೊರೊಂಟೊ ಕಡೆಯಿಂದ ಮಾಂಟ್ರಿಯಲ್‌ಗೆ ಹೋಗುವ ಕನ್ನಡಿಗರಿಗೆ ಉಪಯೋಗಕ್ಕೆ ಬರುತ್ತದೆ. ಮಗು ಅಲ್ಲಿ ನಾಲ್ಕೈದು ವರ್ಷ ಇಂಗ್ಲಿಷ್ ಶಾಲೆಯಲ್ಲಿ ಓದಿದೆ, ನಿಮ್ಮಲ್ಲಿ ಒಬ್ಬರಿಗೆ ಪೌರತ್ವವೂ ಬಂದಿದೆ ಎಂದರೆ ಅರ್ಹತಾ ಪತ್ರಕ್ಕೆ ಅರ್ಜಿ ಹಾಕಬಹುದು. ಬರೀ ಪಿ.ಆರ್., ಅಂದರೆ ಕಾಯಂ ವಾಸದ ಅನುಮತಿ, ಇದ್ದರೆ ಸಾಲದು. ಪೌರತ್ವದ ಪ್ರಮಾಣವಚನಕ್ಕೆ ಆರು ತಿಂಗಳು ಬಾಕಿ ಇರುವಾಗ ಊರು ಬದಲಿಸುವವರು ಈ ಒಂದು ಮಾತನ್ನು ಗಮನದಲ್ಲಿಡಬೇಕು.

ಭಾರತದಿಂದ ನೇರವಾಗಿ ಹೋಗುವವರಿಗೂ ಒಂದು ಬಾಗಿಲು ತೆರೆದಿದೆ. ವರ್ಕ್ ಪರ್ಮಿಟ್ ಅಥವಾ ಸ್ಟಡಿ ಪರ್ಮಿಟ್ ಮೇಲೆ, ಅಂದರೆ ಕೆಲಸಕ್ಕೋ ಓದಿಗೋ ಸ್ವಲ್ಪ ಕಾಲ ಇರಲು ಬಂದವರ ಮಕ್ಕಳು, ತಾತ್ಕಾಲಿಕ ಅನುಮತಿ ಪಡೆದು ಇಂಗ್ಲಿಷ್ ಶಾಲೆಗೆ ಹೋಗಬಹುದು. ಮೊದಲು ಈ ಅನುಮತಿಯನ್ನು ಮತ್ತೆ ಮತ್ತೆ ಮುಂದುವರಿಸಿಕೊಳ್ಳುತ್ತಿದ್ದರು. ಬಿಲ್ 96 ಬಂದ ಮೇಲೆ ಹೆಚ್ಚೆಂದರೆ ಮೂರು ವರ್ಷ, ನವೀಕರಣ ಇಲ್ಲ. ಈ ಅನುಮತಿಯ ಮೇಲೆ ಓದಿದ ವರ್ಷಗಳು ಮುಂದೆ ಅರ್ಹತಾ ಪತ್ರಕ್ಕೆ ಆಧಾರವೂ ಆಗುವುದಿಲ್ಲ. ನಡುವೆ ಪಿ.ಆರ್. ಸಿಕ್ಕಿದರೆ ‘ತಾತ್ಕಾಲಿಕವಾಗಿ ಇದ್ದೇವೆ’ ಎನ್ನಲು ಕಾರಣವೇ ಉಳಿಯುವುದಿಲ್ಲ.

ಹಾಗಾಗಿ ಯಾವ ಭಾಷೆ ಎಂದು ಯೋಚಿಸುವ ಮೊದಲು ಎಷ್ಟು ವರ್ಷ ಇರುತ್ತೀರಿ ಎಂದು ಯೋಚಿಸಿ. ಪ್ರಾಜೆಕ್ಟ್ ಎರಡು ವರ್ಷದ್ದು, ಮುಗಿಸಿ ಬೆಂಗಳೂರಿಗೆ ವಾಪಸ್ ಎಂಬುದು ಖಚಿತವಿದ್ದರೆ ಇಂಗ್ಲಿಷ್ ಶಾಲೆ ಸರಿ. ‘ನೋಡೋಣ, ಪಿ.ಆರ್. ಸಿಕ್ಕಿದರೆ ಅಲ್ಲೇ ಇರೋಣ’ ಎಂಬ ಆಸೆ ಮನಸ್ಸಿನ ಮೂಲೆಯಲ್ಲಿದ್ದರೂ ಮೊದಲ ದಿನವೇ ಫ್ರೆಂಚ್ ಶಾಲೆಗೆ ಹಾಕಿ ಎಂದೇ ನಾನು ಹೇಳುವುದು. ಒಂಬತ್ತು ವರ್ಷದ ಮಗಳು ಮೂರು ವರ್ಷ ಇಂಗ್ಲಿಷ್ ಶಾಲೆಯಲ್ಲಿ ಗೆಳತಿಯರನ್ನು ಮಾಡಿಕೊಂಡು, ಹನ್ನೆರಡಕ್ಕೆ, ಹೈಸ್ಕೂಲಿನ ಹೊಸ್ತಿಲಲ್ಲಿ, ಎಲ್ಲವನ್ನೂ ಬಿಟ್ಟು ಫ್ರೆಂಚ್‌ನಲ್ಲಿ ಇತಿಹಾಸದ ಪಾಠಕ್ಕೆ ಕೂರುವುದನ್ನು ಊಹಿಸಿಕೊಳ್ಳಿ. ಒಂಬತ್ತಕ್ಕೇ ಸುಲಭವಾಗಿದ್ದ ಕೆಲಸ ಅದು.

‘ಒಂದಕ್ಷರ ಫ್ರೆಂಚ್ ಬಾರದ ಮಗು ಕ್ಲಾಸಿನಲ್ಲಿ ಮಂಕಾಗಿ ಕೂತಿರುತ್ತದಲ್ಲ?’ ಅದಕ್ಕೆಂದೇ ‘ಕ್ಲಾಸ್ ದಾಕೇಯ್’ ಇದೆ, ಸ್ವಾಗತ ತರಗತಿ ಎಂದು ಅರ್ಥ. ಇಲ್ಲಿ ಮಕ್ಕಳ ಸಂಖ್ಯೆ ಮಾಮೂಲಿ ತರಗತಿಗಿಂತ ಕಡಿಮೆ, ಎಲ್ಲರೂ ಹೊಸಬರೇ. ಪಕ್ಕದ ಬೆಂಚಿನಲ್ಲಿ ಅಲ್ಜೀರಿಯಾದ್ದೋ ಕೊಲಂಬಿಯಾದ್ದೋ ಮಗು ಕೂತಿರುತ್ತದೆ. ಇಬ್ಬರಿಗೂ ಫ್ರೆಂಚ್ ಅಷ್ಟಕ್ಕಷ್ಟೇ, ಆದ್ದರಿಂದ ನಾಚಿಕೆ ಇಲ್ಲ. ಮೊದಲು ಭಾಷೆ, ಜೊತೆಗೆ ಒಂದಿಷ್ಟು ಗಣಿತ. ಸಾಮಾನ್ಯವಾಗಿ ಒಂದು ಶಾಲಾವರ್ಷ, ಕೆಲವರಿಗೆ ಎರಡು. ಆಮೇಲೆ ಮಾಮೂಲಿ ತರಗತಿಗೆ ಕಳಿಸುತ್ತಾರೆ. ಈ ತರಗತಿ ನಿಮ್ಮ ಬೀದಿಯ ಶಾಲೆಯಲ್ಲೇ ಇರುತ್ತದೆಂಬ ಭರವಸೆ ಇಲ್ಲ. ಸ್ವಲ್ಪ ದೂರದ ಶಾಲೆಗೆ ಹಾಕಿ ಬಸ್ ಕೊಡುವುದುಂಟು. ಶಿಶುವಿಹಾರದ ಮಕ್ಕಳನ್ನು ಹೆಚ್ಚಾಗಿ ನೇರ ಮಾಮೂಲಿ ತರಗತಿಗೇ ಸೇರಿಸಿ, ಬೇಕಾದ ಸಹಾಯವನ್ನು ಅಲ್ಲೇ ಕೊಡುತ್ತಾರೆ.

ಮೊದಲ ಕೆಲವು ತಿಂಗಳು ಮಗು ಶಾಲೆಯಲ್ಲಿ ಬಾಯಿಯೇ ಬಿಡದಿರಬಹುದು. ಗಾಬರಿಯಾಗಬೇಡಿ. ಅದು ಕೇಳಿಸಿಕೊಳ್ಳುತ್ತಿರುತ್ತದೆ. ಆದರೆ ಮಗುವಿಗೆ ಸಹಾಯವಾಗಲಿ ಎಂದು ಮನೆಯಲ್ಲಿ ಕನ್ನಡ ಬಿಟ್ಟು ಅರ್ಧಂಬರ್ಧ ಫ್ರೆಂಚೋ ಇಂಗ್ಲಿಷೋ ಶುರು ಮಾಡಬೇಡಿ. ಕನ್ನಡದಲ್ಲಿ ಕಥೆ ಹೇಳಲು, ಕಾರಣ ಕೊಡಲು, ಜಗಳವಾಡಲು ಬರುವ ಮಗು ಅದೇ ಜಾಣತನವನ್ನು ಹೊಸ ಭಾಷೆಗೂ ಒಯ್ಯುತ್ತದೆ.

ಗಣಿತದಲ್ಲಿ ಒಂದೆರಡು ತೊಡಕುಗಳಿವೆ. ಫ್ರೆಂಚ್‌ನಲ್ಲಿ ತೊಂಬತ್ತೇಳನ್ನು ‘ನಾಲ್ಕು ಇಪ್ಪತ್ತು ಹದಿನೇಳು’ ಎನ್ನುತ್ತಾರೆ. ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ, ಮೂರೂವರೆಯನ್ನು 3,5 ಎಂದು ಬರೆಯುತ್ತಾರೆ. ಮಗು ತಪ್ಪು ಬರೆದಿದೆ ಎಂದು ಮನೆಯಲ್ಲಿ ತಿದ್ದಿ ಕಳಿಸಿದ ಅಪ್ಪಂದಿರಿದ್ದಾರೆ.

ಹದಿನಾಲ್ಕು ಹದಿನೈದು ವರ್ಷದ ಮಕ್ಕಳದು ನಿಜಕ್ಕೂ ಕಷ್ಟದ ಲೆಕ್ಕ. ಕ್ವಿಬೆಕ್‌ನಲ್ಲಿ ಆರು ವರ್ಷ ಪ್ರಾಥಮಿಕ, ಐದು ವರ್ಷ ಹೈಸ್ಕೂಲು. ಫ್ರೆಂಚ್ ಶಾಲೆಯಲ್ಲಿ ಹೈಸ್ಕೂಲಿನ ಪ್ರಮಾಣಪತ್ರ ಸಿಗಬೇಕಾದರೆ ಕೊನೆಯ ವರ್ಷದ ಫ್ರೆಂಚ್ ಪಾಸಾಗಲೇಬೇಕು. ಎರಡು ವರ್ಷದಲ್ಲಿ ಆ ಮಟ್ಟಕ್ಕೆ ಏರುವುದು ಎಲ್ಲ ಮಕ್ಕಳಿಗೂ ಆಗುವ ಮಾತಲ್ಲ. ಈ ವಯಸ್ಸಿನವರಿಗೆ ತಾತ್ಕಾಲಿಕ ಅನುಮತಿಯ ಮೂರು ವರ್ಷ ಹೈಸ್ಕೂಲು ಮುಗಿಸಲು ಸಾಕಾಗುವಂತಿದ್ದರೆ ಅದನ್ನೇ ಬಳಸಿಕೊಳ್ಳಿ.

ಇಂಗ್ಲಿಷ್ ಮರೆತುಹೋಗುತ್ತದೆ ಎಂಬ ಚಿಂತೆ ಬೇಡ. ಫ್ರೆಂಚ್ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಇದ್ದೇ ಇದೆ. ಹೈಸ್ಕೂಲಿನ ನಂತರ ಬರುವುದು ‘ಸೀಜೆಪ್’, ನಮ್ಮ ಪಿಯುಸಿಯಂಥದ್ದು. ಅಲ್ಲಿ ಇಂಗ್ಲಿಷ್‌ನದನ್ನೂ ಆರಿಸಬಹುದು. ಆದರೆ ಇಂಗ್ಲಿಷ್ ಸೀಜೆಪ್‌ಗಳ ಸೀಟಿಗೆ ಈಗ ಮಿತಿ ಬಂದಿದೆ, ಅರ್ಹತಾ ಪತ್ರ ಇರುವವರಿಗೆ ಆದ್ಯತೆ. ಮೆಕ್‌ಗಿಲ್, ಕಾಂಕಾರ್ಡಿಯಾ ವಿಶ್ವವಿದ್ಯಾಲಯಗಳಂತೂ ಇಂಗ್ಲಿಷ್‌ನಲ್ಲೇ ನಡೆಯುತ್ತವೆ.

ಖರ್ಚಿನ ವಿಚಾರ. ವರ್ಕ್ ಪರ್ಮಿಟ್ ಮೇಲೆ ಬಂದವರ ಮಕ್ಕಳಿಗೆ ಸರ್ಕಾರಿ ಶಾಲೆ ಉಚಿತ, ಫ್ರೆಂಚ್ ಆದರೂ ಇಂಗ್ಲಿಷ್ ಆದರೂ. ನೋಟ್‌ಬುಕ್ಕು, ಪೆನ್ಸಿಲು, ಪ್ರವಾಸಕ್ಕೆ ಒಂದಿಷ್ಟು ಕೊಡಬೇಕಾಗುತ್ತದೆ. ಶಾಲೆ ಬಿಟ್ಟ ಮೇಲೆ ಮಗುವನ್ನು ಅಲ್ಲೇ ನೋಡಿಕೊಳ್ಳುವ ‘ಸೆರ್ವಿಸ್ ದ ಗಾರ್ಡ್’ ವ್ಯವಸ್ಥೆಗೆ ದಿನಕ್ಕೆ ಹತ್ತು ಡಾಲರ್ ಆಸುಪಾಸು. ಸರ್ಕಾರದ ಅನುದಾನ ಪಡೆಯದ ಖಾಸಗಿ ಇಂಗ್ಲಿಷ್ ಶಾಲೆಗೆ ಯಾವ ಪತ್ರವೂ ಬೇಡ, ಹಣ ಇದ್ದರೆ ಸಾಕು. ಆದರೆ ವರ್ಷದ ಶುಲ್ಕ 20,000 ಡಾಲರ್ ದಾಟುವ ಶಾಲೆಗಳಿವೆ. ಅಲ್ಲಿ ಒಂದೆರಡು ವರ್ಷ ಓದಿಸಿ, ಅದನ್ನೇ ತೋರಿಸಿ ಸರ್ಕಾರಿ ಇಂಗ್ಲಿಷ್ ಶಾಲೆಗೆ ದಾಟಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ನಂಬಬೇಡಿ. 2010ರ ಕಾನೂನು ಆ ದಾರಿಯನ್ನು ಬಹಳ ಕಿರಿದು ಮಾಡಿದೆ.

ಸೇರಿಸುವುದು ಎಲ್ಲಿ? ಫ್ರೆಂಚ್ ಶಾಲೆಗಳನ್ನು ನಡೆಸುವುದು ‘ಸಾಂತ್ರ್ ದ ಸೆರ್ವಿಸ್ ಸ್ಕೊಲೇರ್’, ಅಂದರೆ ಶಾಲಾ ಸೇವಾ ಕೇಂದ್ರ. ನಗರದ ನಡುಭಾಗದಲ್ಲಿ ಮನೆ ಮಾಡಿದರೆ ಮಾಂಟ್ರಿಯಲ್ ಕೇಂದ್ರ, ಪಶ್ಚಿಮಕ್ಕೆ ಹೋದರೆ ಮಾರ್ಗರಿತ್ ಬೂರ್ಜ್ವಾ ಕೇಂದ್ರ. ಮನೆಯ ವಿಳಾಸವೇ ಶಾಲೆಯನ್ನು ಗೊತ್ತುಮಾಡುತ್ತದೆ, ಆದ್ದರಿಂದ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಶಾಲೆ ಯಾವುದೆಂದು ನೋಡಿ. ಇಂಗ್ಲಿಷ್ ಬೇಕಾದವರು ಇಂಗ್ಲಿಷ್ ಮಾಂಟ್ರಿಯಲ್ ಸ್ಕೂಲ್ ಬೋರ್ಡ್ ಅಥವಾ ಲೆಸ್ಟರ್ ಬಿ. ಪಿಯರ್ಸನ್ ಸ್ಕೂಲ್ ಬೋರ್ಡ್‌ಗೆ ಹೋಗಬೇಕು. ಅನುಮತಿಯ ಅರ್ಜಿಯನ್ನು ಶಿಕ್ಷಣ ಇಲಾಖೆಗೆ ಅವರೇ ಕಳಿಸುತ್ತಾರೆ. ಆ ಶಾಲೆಗಳಲ್ಲೂ ಕೆಲವು ವಿಷಯಗಳನ್ನು ಫ್ರೆಂಚ್‌ನಲ್ಲಿ ಕಲಿಸುವ ‘ಇಮ್ಮರ್ಶನ್’ ತರಗತಿ ಸಿಗುತ್ತದೆ. ಸಿಕ್ಕರೆ ಬಿಡಬೇಡಿ. ದೊಡ್ಡವರಿಗೆ ‘ಫ್ರಾನ್ಸಿಸಾಸಿಯೋಂ ಕೆಬೆಕ್’ ಎಂಬ ಸರ್ಕಾರಿ ಸಂಸ್ಥೆ ಉಚಿತವಾಗಿ ಫ್ರೆಂಚ್ ಕಲಿಸುತ್ತದೆ. ಶಾಲೆಯಿಂದ ಬರುವ ಚೀಟಿಯನ್ನು ಓದಲಾದರೂ ಒಬ್ಬರು ಸೇರಿಕೊಳ್ಳಿ.

ಸೆಪ್ಟೆಂಬರ್ 30ರೊಳಗೆ ಐದು ತುಂಬಿದ್ದರೆ ಶಿಶುವಿಹಾರ, ಆರು ತುಂಬಿದ್ದರೆ ಒಂದನೇ ತರಗತಿ. ಮುಂದಿನ ವರ್ಷದ ದಾಖಲಾತಿ ಹೆಚ್ಚಾಗಿ ಜನವರಿ, ಫೆಬ್ರವರಿಯಲ್ಲೇ ಶುರುವಾಗುತ್ತದೆ. ಹೊಸದಾಗಿ ಬಂದವರನ್ನು ವರ್ಷದ ನಡುವೆಯೂ ಸೇರಿಸಿಕೊಳ್ಳುತ್ತಾರೆ. ಪಾಸ್‌ಪೋರ್ಟು, ಪರ್ಮಿಟ್ಟು, ವಿಳಾಸದ ಪುರಾವೆ, ಲಸಿಕೆಯ ಕಾರ್ಡು, ಹಿಂದಿನ ಶಾಲೆಯ ಅಂಕಪಟ್ಟಿ ಜೊತೆಗಿರಲಿ. ಎಲ್ಲಕ್ಕಿಂತ ಮುಖ್ಯ, ತಂದೆತಾಯಿಯ ಹೆಸರಿರುವ ಜನನ ಪ್ರಮಾಣಪತ್ರ. ಈಗ ಕರ್ನಾಟಕದಲ್ಲಿ ಕೊಡುವ ಪತ್ರದಲ್ಲಿ ಕನ್ನಡದ ಜೊತೆ ಇಂಗ್ಲಿಷೂ ಇರುತ್ತದೆ. ಹಳೆಯದು, ಬರೀ ಕನ್ನಡದಲ್ಲಿ ಕೈಬರಹದ್ದು ಇದ್ದರೆ ಹೊರಡುವ ಮೊದಲೇ ಹೊಸ ಪ್ರತಿ ಮಾಡಿಸಿಕೊಳ್ಳಿ. ಅಲ್ಲಿ ಕನ್ನಡದಿಂದ ಫ್ರೆಂಚ್‌ಗೆ ಅನುವಾದಿಸಿ ಮೊಹರು ಹಾಕಿಕೊಡುವವರನ್ನು ಹುಡುಕುವುದು ಸುಲಭವಲ್ಲ.

ಕೊನೆಗೊಂದು ಅಡುಗೆಮನೆಯ ಮಾತು. ಅಲರ್ಜಿ ಇರುವ ಮಕ್ಕಳ ಕಾರಣಕ್ಕೆ ಅನೇಕ ಶಾಲೆಗಳಲ್ಲಿ ಕಡಲೆಕಾಯಿ ತರುವ ಹಾಗಿಲ್ಲ. ಡಬ್ಬಿಗೆ ಚಿತ್ರಾನ್ನ ಹಾಕುವುದಾದರೆ ಕಡಲೆಬೇಳೆಯ ಒಗ್ಗರಣೆಯಲ್ಲೇ ಮುಗಿಸಿ.